ದೊಡ್ಡವರಾದ ಮೇಲೆ ಹವ್ಯಾಸದಿಂದ ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಓದು ಮುಗಿದು ಕೆಲಸ, ಸಂಸಾರ ಅಂತ ಶುರುವಾದ ಮೇಲೆ ತುಂಬಾ ಜನ ಹೊಸದಾಗಿ ಕಲಿಯುವುದನ್ನೇ ಬಿಟ್ಟುಬಿಡುತ್ತಾರೆ. ಕಲಿತರೂ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ಯಾರ ಒತ್ತಾಯವೂ ಇಲ್ಲದೆ, ಪರೀಕ್ಷೆ ಇಲ್ಲದೆ, ಇಷ್ಟಪಟ್ಟು ಕಲಿಯುವ ಅವಕಾಶ ಆಮೇಲೆ ಉಳಿಯುವುದು ಹವ್ಯಾಸದಲ್ಲೇ. ಆ ಅವಕಾಶವನ್ನು ಯಾರೂ ಕಳೆದುಕೊಳ್ಳಬಾರದು ಎಂಬ ಆಸೆಯಿಂದ, ಈ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಹವ್ಯಾಸ ಅಂದರೆ ಟೈಂಪಾಸ್ ಅಲ್ವಾ? ಅದರಲ್ಲಿ ಕಲಿಯೋಕೆ ಏನಿರುತ್ತೆ?

ಟೈಂಪಾಸ್ ಆಗಿಯೂ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ದಣಿದ ಮನಸ್ಸಿಗೆ ಅದೂ ಬೇಕು. ಆದರೆ ಕಲಿಕೆಯೂ ಆಗಬೇಕು ಅಂದರೆ ಒಂದು ವಿಷಯ ಗಮನಿಸಿ. ಮಾಡುವಾಗ ಎಲ್ಲಾದರೂ ಕೈ ತಡವರಿಸುತ್ತಾ?

ಹತ್ತು ವರ್ಷದಿಂದ ಒಂದೇ ಮಾದರಿಯ ಶಾಲು ಹೆಣೆಯುವವರಿಗೆ ಹೆಣಿಗೆ ಒಂದು ವಿಶ್ರಾಂತಿ. ಟಿವಿ ನೋಡುತ್ತಾ, ಮಾತಾಡುತ್ತಾ ಕಡ್ಡಿ ಆಡಿಸಬಹುದು. ಅವರೇ ಮೊದಲ ಸಲ ಕಾಲುಚೀಲ ಹೆಣೆಯಲು ಕೂತರೆ, ಹಿಮ್ಮಡಿಯ ಹತ್ತಿರ ಬಂದಾಗ ಟಿವಿ ಆಫ್ ಮಾಡಲೇಬೇಕು. ಸಾಲು ಪೂರ್ತಿ ಮುಗಿಸದೆ ಅರ್ಧದಲ್ಲೇ ತಿರುಗಿ ವಾಪಸ್ ಬರಬೇಕು. ಪ್ರತಿ ಸಲ ಒಂದೊಂದು ಕುಣಿಕೆ ಕಡಿಮೆ ಮಾಡುತ್ತಾ ಹೋಗಬೇಕು. ಚಪ್ಪಟೆಯಾಗಿ ಬೆಳೆಯುತ್ತಿದ್ದ ಹೆಣಿಗೆ ಅಲ್ಲಿ ಯಾಕೆ ಗುಂಡಗೆ ಬಾಗುತ್ತದೆ ಅನ್ನೋದು ತಲೆಗೆ ಹೋಗುವವರೆಗೆ ಎರಡು ಮೂರು ಸಲ ಬಿಚ್ಚಿ ಹೆಣೆಯಬೇಕಾಗುತ್ತದೆ. ಒಂದು ಸಲ ಹೋಯಿತು ಅಂದರೆ, ಆಮೇಲೆ ಯಾವ ಹೆಣಿಗೆಯನ್ನು ಕಂಡರೂ ಅದು ಹೇಗೆ ಕಟ್ಟಿಕೊಂಡಿದೆ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ.

ಹವ್ಯಾಸ ಅದೇ, ಕಡ್ಡಿ ಅದೇ, ದಾರವೂ ಅದೇ. ತಡವರಿಸುವ ಜಾಗ ಒಂದು ಸಿಕ್ಕಿತು ಅಷ್ಟೇ. ಈ ಪುಟದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ನನಗೆ 50 ಆಯ್ತು. ಈ ವಯಸ್ಸಲ್ಲಿ ಮಿದುಳು ಹೊಸದನ್ನು ಹಿಡಿಯುತ್ತಾ?

ಹಿಡಿಯುತ್ತದೆ. ಇದು ಸುಮ್ನೆ ಧೈರ್ಯ ತುಂಬಲು ಹೇಳುವ ಮಾತಲ್ಲ.

ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವ ಲೈಸೆನ್ಸ್ ಬೇಕಾದರೆ ಊರಿನ ಸುಮಾರು 25,000 ಬೀದಿಗಳು ಬಾಯಿಪಾಠ ಆಗಿರಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಎಲಿನಾರ್ ಮಗ್ವೈರ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಈ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಜಾಗ, ದಾರಿಗಳ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಅವರಲ್ಲಿ ಬೇರೆಯವರಿಗಿಂತ ದೊಡ್ಡದಾಗಿತ್ತು. ಇದು 2000ದಲ್ಲಿ ಪ್ರಕಟವಾಯಿತು. ಆಗ ಒಂದು ಅನುಮಾನ ಬಂತು. ಹುಟ್ಟಿನಿಂದಲೇ ಹಾಗಿದ್ದವರು ಈ ಕೆಲಸಕ್ಕೆ ಬಂದಿರಬಹುದಲ್ವಾ? ಅದಕ್ಕೆ ತರಬೇತಿಗೆ ಸೇರಿದ 79 ಜನರನ್ನು ಮೊದಲಿನಿಂದಲೇ ನೋಡುತ್ತಾ ಹೋದರು. ಶುರುವಿನಲ್ಲಿ ಎಲ್ಲರ ಮಿದುಳೂ ಒಂದೇ ಥರ ಇತ್ತು. ಕೊನೆಗೆ 39 ಜನ ಪಾಸಾದರು. ಆ ಭಾಗ ಬೆಳೆದಿದ್ದು ಪಾಸಾದವರಲ್ಲಿ ಮಾತ್ರ. ಇದು 2011ರ ವರದಿ. ಅವರೆಲ್ಲ ದೊಡ್ಡವರು, ಶಾಲೆ ಬಿಟ್ಟು ಎಷ್ಟೋ ವರ್ಷ ಆದವರು.

ಇನ್ನೊಂದು ಉದಾಹರಣೆ ನಿಜವಾಗಿಯೂ ಹವ್ಯಾಸದ್ದೇ. ಮೂರು ಚೆಂಡುಗಳನ್ನು ಒಂದರ ಹಿಂದೆ ಒಂದು ಎಸೆದು ಹಿಡಿಯುವ ಆಟ ಇದೆಯಲ್ಲ, ಅದನ್ನು ಮೂರು ತಿಂಗಳು ಕಲಿತ ಯುವಕ ಯುವತಿಯರ ಮಿದುಳಿನಲ್ಲಿ, ಚಲನೆಯನ್ನು ಗುರುತಿಸುವ ಜಾಗ ಸ್ವಲ್ಪ ಬೆಳೆದಿದ್ದು 2004ರಲ್ಲಿ ಜರ್ಮನಿಯ ಸಂಶೋಧಕರಿಗೆ ಕಂಡುಬಂತು. 2008ರಲ್ಲಿ 60ರ ಆಸುಪಾಸಿನವರಿಗೆ ಅದೇ ಆಟ ಕಲಿಸಿದರು. ಅವರೆಲ್ಲರಿಗೂ ಚೆನ್ನಾಗಿ ಆಡಲು ಬರಲಿಲ್ಲ ನಿಜ. ಆದರೆ ಕಲಿತವರ ಮಿದುಳಿನಲ್ಲಿ ಅದೇ ಜಾಗದಲ್ಲಿ ಬೆಳವಣಿಗೆ ಕಂಡಿತು.

ಈ ಪ್ರಯೋಗದ ಇನ್ನೊಂದು ಅರ್ಧವನ್ನು ಜನ ಹೇಳುವುದು ಕಡಿಮೆ. ಆಡುವುದನ್ನು ಬಿಟ್ಟ ಮೇಲೆ ಬೆಳೆದದ್ದು ಮತ್ತೆ ಇಳಿಯಿತು. ಒಂದು ಸಲ ಕಲಿತು ಕಪಾಟಿನಲ್ಲಿ ಇಟ್ಟರೆ ಸಾಕಾಗುವುದಿಲ್ಲ. ಬದುಕಿನುದ್ದಕ್ಕೂ ಏನಾದರೂ ಒಂದನ್ನು ಕಲಿಯುತ್ತಲೇ ಇರಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಆದರೂ ಮಕ್ಕಳಷ್ಟು ಬೇಗ ಕಲಿಯೋಕೆ ಆಗಲ್ಲ ಅಲ್ವಾ?

ಕೆಲವು ವಿಷಯದಲ್ಲಿ ಆಗುವುದಿಲ್ಲ. ಹೊಸ ಭಾಷೆಯನ್ನು ಆ ಭಾಷೆಯವರ ಹಾಗೇ ಉಚ್ಚರಿಸುವುದು ದೊಡ್ಡವರಿಗೆ ಕಷ್ಟ. ಥಟ್ಟನೆ ಲೆಕ್ಕ ಹಾಕುವ, ಥಟ್ಟನೆ ಗುರುತಿಸುವ ವೇಗ 20ರ ಒಳಗೇ ತುದಿ ಮುಟ್ಟಿ ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಆದರೆ ಎಲ್ಲವೂ ಹಾಗೆ ಇಳಿಯುವುದಿಲ್ಲ. ಜೋಶುವಾ ಹಾರ್ಟ್ಸ್‌ಹಾರ್ನ್ ಮತ್ತು ಲಾರಾ ಜರ್ಮೈನ್ ಸಾವಿರಾರು ಜನರನ್ನು ಪರೀಕ್ಷಿಸಿ 2015ರಲ್ಲಿ ತೋರಿಸಿದ್ದು ಇದು: ಬೇರೆ ಬೇರೆ ಸಾಮರ್ಥ್ಯ ಬೇರೆ ಬೇರೆ ವಯಸ್ಸಿನಲ್ಲಿ ಮೇಲಕ್ಕೆ ಹೋಗುತ್ತದೆ. ಪದಗಳ ತಿಳಿವಳಿಕೆ 60 ದಾಟಿದ ಮೇಲೂ ಬೆಳೆಯುತ್ತಿರುತ್ತದೆ.

ದೊಡ್ಡವರಿಗೆ ಇನ್ನೊಂದು ಅನುಕೂಲ ಇದೆ. ಹಳೆಯ ತಿಳಿವಳಿಕೆ ಹೊಸದಕ್ಕೆ ಕೊಂಡಿ ಆಗುತ್ತದೆ. ವರ್ಷಗಟ್ಟಲೆ ಬಟ್ಟೆ ಹೊಲಿದವರು ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿಯಲು ಬಂದರೆ ದಾರದ ಬಿಗಿ ಎಷ್ಟಿರಬೇಕು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಮಗುವಿಗೆ ಅದನ್ನೂ ಕಲಿಸಬೇಕು. ಮಗು ಕಲಿಯುತ್ತಿರುವುದು ಅದಕ್ಕೆ ಇಷ್ಟವೋ ಅಪ್ಪ ಅಮ್ಮನಿಗೆ ಇಷ್ಟವೋ ಹೇಳುವುದು ಕಷ್ಟ. ದೊಡ್ಡವರು ಬಂದಿದ್ದಾರೆ ಅಂದರೆ ಅವರಿಗೇ ಬೇಕಾಗಿ ಬಂದಿರುತ್ತಾರೆ.

ಯಾವ ಹವ್ಯಾಸ ಮಿದುಳಿಗೆ ಜಾಸ್ತಿ ಒಳ್ಳೆಯದು?

ಹೆಸರು ಹಿಡಿದು ಇದೇ ಅಂತ ಹೇಳಲು ಬರುವುದಿಲ್ಲ. ಆದರೆ ಎಂಥದ್ದು ಅಂತ ಹೇಳಬಹುದು.

ಅಮೆರಿಕದ ಡೆನಿಸ್ ಪಾರ್ಕ್ ಅವರ ತಂಡ 60ರಿಂದ 90 ವರ್ಷದ 221 ಜನರನ್ನು ಗುಂಪು ಗುಂಪಾಗಿ ಹಂಚಿತು. ಒಂದು ಗುಂಪಿಗೆ ಡಿಜಿಟಲ್ ಫೋಟೊಗ್ರಫಿ, ಕಂಪ್ಯೂಟರಿನಲ್ಲಿ ಫೋಟೊ ತಿದ್ದುವುದು. ಇನ್ನೊಂದು ಗುಂಪಿಗೆ ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿಯುವುದು. ಮತ್ತೊಂದು ಗುಂಪಿಗೆ ಎರಡೂ. ಬೇರೆಯವರು ಒಟ್ಟಿಗೆ ಸೇರಿ ಹರಟೆ, ಆಟ, ತಿರುಗಾಟ ಮಾಡಿದರು. ಇನ್ನೂ ಕೆಲವರು ಮನೆಯಲ್ಲೇ ಕೂತು ಸಂಗೀತ ಕೇಳುವುದು, ಸುಲಭದ ಪದಬಂಧ ಬಿಡಿಸುವುದು ಮಾಡಿದರು. ವಾರಕ್ಕೆ ಸುಮಾರು 15 ಗಂಟೆ, ಮೂರು ತಿಂಗಳು. ಕೊನೆಯಲ್ಲಿ ನೆನಪಿನ ಶಕ್ತಿ ಸುಧಾರಿಸಿದ್ದು ಹೊಸ ಕೌಶಲ ಕಲಿತವರಲ್ಲಿ, ಅದರಲ್ಲೂ ಫೋಟೊಗ್ರಫಿ ಕಲಿತವರಲ್ಲಿ ಎದ್ದು ಕಂಡಿತು. ಸುಮ್ನೆ ಸೇರಿ ಹರಟಿದವರಿಗೆ ಖುಷಿ ಸಿಕ್ಕಿರಬಹುದು, ನೆನಪಿಗೆ ಅಷ್ಟೇನೂ ಸಿಗಲಿಲ್ಲ.

ಹಾಗಂತ ಎಲ್ಲರೂ ಕ್ಯಾಮೆರಾ ಕೊಳ್ಳಬೇಕು ಅಂತಲ್ಲ. ಅಲ್ಲಿ ಕಂಪ್ಯೂಟರ್, ಕ್ಯಾಮೆರಾ, ಬೆಳಕು, ಚೌಕಟ್ಟು ಎಲ್ಲವೂ ಆ ವಯಸ್ಸಿನವರಿಗೆ ಒಟ್ಟಿಗೇ ಹೊಸದು. ತಲೆ ಪೂರ್ತಿ ತೊಡಗಬೇಕಾಯಿತು. ನಿಮಗೆ ಕ್ಯಾಮೆರಾ ಚೆನ್ನಾಗಿ ಗೊತ್ತಿದ್ದರೆ ನಿಮಗೆ ಆ ಲಾಭ ಬೇರೆ ಕಡೆ ಸಿಗುತ್ತದೆ. ವಾದ್ಯ, ಮರಗೆಲಸ, ಹೊಸ ಲಿಪಿ, ಚೆಸ್, ಹಕ್ಕಿ ಗುರುತಿಸುವುದು, ನೃತ್ಯ, ಯಾವುದಾದರೂ ಆಗಬಹುದು. ನಿಮಗೆ ಗೊತ್ತಿಲ್ಲದ್ದು ಆಗಿರಬೇಕು, ಜೊತೆಗೆ ನಾಳೆಯೂ ಕೂರೋಣ ಅನ್ನಿಸುವಷ್ಟು ಇಷ್ಟ ಆಗಿರಬೇಕು. ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಇಷ್ಟವಾದದ್ದನ್ನು ಆರಿಸಿಕೊಳ್ಳಿ ಅನ್ನುತ್ತೇನೆ. ಇಷ್ಟ ಇದ್ದರೆ ಕಷ್ಟದ ಕಡೆಗೆ ನೀವೇ ಹೋಗುತ್ತೀರಿ.

ಮೊಬೈಲಿನಲ್ಲಿ ಮಿದುಳಿನ ವ್ಯಾಯಾಮದ ಆಟ ಆಡ್ತೀನಿ. ಅದು ಸಾಕಲ್ವಾ?

ಸಾಲದು. 2010ರಲ್ಲಿ ಬ್ರಿಟನ್ನಿನಲ್ಲಿ 11,430 ಜನರಿಗೆ ಇಂಥ ಆಟಗಳನ್ನು ಆರು ವಾರ ಆಡಿಸಿ ನೋಡಿದರು. ಆಡಿದ ಆಟದಲ್ಲಿ ಎಲ್ಲರೂ ಚುರುಕಾದರು. ಆ ಚುರುಕುತನ ಬೇರೆ ಕೆಲಸಕ್ಕೆ ದಾಟಿದ ಲಕ್ಷಣ ಕಾಣಲಿಲ್ಲ. ಆಟ ಇಷ್ಟ ಅಂದರೆ ಆಡಿ. ಆದರೆ ಅದೇ ಅರ್ಧ ಗಂಟೆಯಲ್ಲಿ ಗಿಟಾರ್ ಹಿಡಿದರೆ ಕೊನೆಗೆ ಒಂದು ಹಾಡಾದರೂ ನಿಮ್ಮದಾಗುತ್ತದೆ.

ಹವ್ಯಾಸ ಇದ್ದರೆ ಮರೆವಿನ ಕಾಯಿಲೆ ಬರಲ್ಲ ಅಂತಾರೆ. ನಿಜಾನಾ?

ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿದ್ದರು. ಓದುವವರು, ಬೋರ್ಡ್ ಆಟ ಆಡುವವರು, ವಾದ್ಯ ನುಡಿಸುವವರು, ನೃತ್ಯ ಮಾಡುವವರಲ್ಲಿ ಡಿಮೆನ್ಷಿಯಾ ಕಾಣಿಸಿಕೊಂಡಿದ್ದು ಕಡಿಮೆ. ಆದರೆ ಇದನ್ನು ಹಿಂದುಮುಂದಾಗಿಯೂ ಓದಬಹುದು. ಮಿದುಳು ಚೆನ್ನಾಗಿರುವವರೇ ಜಾಸ್ತಿ ಹೊತ್ತು ಇವನ್ನೆಲ್ಲ ಮಾಡುತ್ತಿರಬಹುದು. ಕಾಯಿಲೆ ಒಳಗೊಳಗೇ ಶುರುವಾದವರು ಇವನ್ನೆಲ್ಲ ಮೊದಲೇ ಬಿಟ್ಟಿರಬಹುದು. ಸಂಶೋಧಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಪ್ರಯತ್ನಿಸಿದ್ದಾರೆ, ಆದರೂ ಅನುಮಾನ ಪೂರ್ತಿ ಹೋಗುವುದಿಲ್ಲ.

ಬಿಪಿ, ಸಕ್ಕರೆ ಹತೋಟಿಯಲ್ಲಿ ಇರುವುದು, ಕಿವಿ ಮಂದವಾದರೆ ಶ್ರವಣ ಸಾಧನ ಹಾಕಿಕೊಳ್ಳುವುದು, ನಡೆದಾಡುವುದು, ಜನರ ಜೊತೆ ಬೆರೆಯುವುದು, ಇವೆಲ್ಲ ಮುಖ್ಯ. ಹವ್ಯಾಸ ಇವುಗಳ ಜೊತೆಗೆ ಇರಬೇಕಾದದ್ದು. ಹವ್ಯಾಸ ಇತ್ತು, ಆದರೂ ಕಾಯಿಲೆ ಬಂತು ಅಂದರೆ ಅದು ಯಾರ ತಪ್ಪೂ ಅಲ್ಲ. ಮನೆಯವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಮನಸ್ಸಿಗೆ ಏನು ಪ್ರಯೋಜನ?

ಇಲ್ಲಿ ನಾನು ಹೆಚ್ಚು ಧೈರ್ಯವಾಗಿ ಮಾತಾಡುತ್ತೇನೆ. 2023ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 16 ದೇಶಗಳ, 65 ದಾಟಿದ 93,263 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಇತ್ತು. ಸಂತೋಷ, ಬದುಕಿನ ಬಗ್ಗೆ ತೃಪ್ತಿ ಜಾಸ್ತಿ ಇತ್ತು. ದೇಶ ಬೇರೆಯಾದರೂ ಈ ಚಿತ್ರ ಹೆಚ್ಚು ಬದಲಾಗಲಿಲ್ಲ.

ಯಾಕೆ ಅಂತ ಯೋಚಿಸಿದರೆ ನನಗೆ ತೋಚುವುದು ಇಷ್ಟು. ಕೆಲಸದಲ್ಲಿ ನಾವು ಮಾಡಿದ್ದು ಎಲ್ಲಿ ಹೋಯಿತು ಅಂತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮನೆಗೆಲಸ ಇವತ್ತು ಮುಗಿದರೆ ನಾಳೆ ಮತ್ತೆ ಅಲ್ಲೇ ಇರುತ್ತದೆ. ಹವ್ಯಾಸದಲ್ಲಿ ಹೋದ ತಿಂಗಳು ಆಗದೇ ಇದ್ದದ್ದು ಈ ತಿಂಗಳು ಆಗುತ್ತದೆ, ಅದೂ ಕಣ್ಣಿಗೆ ಕಾಣುವ ಹಾಗೆ. ತಾನು ಮುಂದೆ ಹೋಗುತ್ತಿದ್ದೇನೆ ಎಂಬ ಭಾವನೆ ದೊಡ್ಡವರಿಗೆ ಬೇರೆ ಕಡೆ ಸಿಗುವುದು ತುಂಬಾ ಅಪರೂಪ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ತೀವ್ರ ಖಿನ್ನತೆ ಇರುವವರಿಗೆ "ಏನಾದ್ರೂ ಹವ್ಯಾಸ ಮಾಡ್ಕೋ, ಸರಿ ಹೋಗುತ್ತೆ" ಅನ್ನಬೇಡಿ. ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದೇ ಆ ಕಾಯಿಲೆಯ ಲಕ್ಷಣ. ಅವರಿಗೆ ಮೊದಲು ವೈದ್ಯರು ಬೇಕು.

ನಂಗೆ ಕಲೆ ಬರಲ್ಲ. ಹುಟ್ಟಿನಿಂದ ಪ್ರತಿಭೆ ಇರಬೇಕಲ್ವಾ?

ಬಹಳ ಜನ ಈ ಒಂದು ನಂಬಿಕೆಯಿಂದಲೇ ಪೆನ್ಸಿಲ್ ಮುಟ್ಟುವುದಿಲ್ಲ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ.

ಮೇಜಿನ ಮೇಲೆ ಒಂದು ಕಪ್ ಇಟ್ಟು, ನೋಡಿ ಬಿಡಿಸಿ. ಹೊಸಬರು ಸಾಮಾನ್ಯವಾಗಿ ಬಾಯಿಯನ್ನು ಅಗಲವಾದ ದುಂಡು ಮಾಡುತ್ತಾರೆ, ತಳಕ್ಕೆ ಒಂದು ನೇರ ಗೆರೆ ಎಳೆಯುತ್ತಾರೆ. ಕಪ್ಪಿನ ಬಾಯಿ ದುಂಡಗಿದೆ ಅಂತ ಗೊತ್ತು. ಅದು ಮೇಜಿನ ಮೇಲೆ ಸಮವಾಗಿ ಕೂತಿದೆ ಅಂತಲೂ ಗೊತ್ತು. ಗೊತ್ತಿರುವುದನ್ನೇ ಕೈ ಬಿಡಿಸುತ್ತದೆ. ಈಗ ಪೆನ್ಸಿಲನ್ನು ಕೈ ಚಾಚಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ. ಕಪ್ಪಿನ ಬಾಯಿ ಅಡ್ಡಕ್ಕೆ ಎಷ್ಟು ಕಾಣುತ್ತದೆ, ಉದ್ದಕ್ಕೆ ಎಷ್ಟು ಕಾಣುತ್ತದೆ ಅಂತ ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ಅಳೆಯಿರಿ. ಉದ್ದ ನೀವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಬಾಯಿ ಒಂದು ಚಪ್ಪಟೆ ಅಂಡಾಕಾರ. ತಳದ ಗೆರೆಯೂ ಬಾಗಿದೆ, ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಬಾಯಿಗಿಂತ ಸ್ವಲ್ಪ ಜಾಸ್ತಿಯೇ ಬಾಗಿದೆ.

ಅಳೆದು ಬಿಡಿಸಿದ ಎರಡನೆಯ ಚಿತ್ರವನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿ. ಎರಡರ ನಡುವೆ ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಯಾರಿಗೂ ಪ್ರತಿಭೆ ಹುಟ್ಟುವುದಿಲ್ಲ. ನೋಡುವ ಒಂದು ವಿಧಾನ ಗೊತ್ತಾಯಿತು ಅಷ್ಟೇ. ಹುಟ್ಟು ಪ್ರತಿಭೆ ಅನ್ನುವುದು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಖುಷಿಯಾಗಿ ಚಿತ್ರ ಬಿಡಿಸುವ ಮಟ್ಟಕ್ಕೆ ಅದರ ಅಗತ್ಯ ಇಲ್ಲ.

ಟೈಮೇ ಇಲ್ಲ. ಏನ್ ಮಾಡೋದು?

ವಾರಕ್ಕೊಮ್ಮೆ ಮೂರು ಗಂಟೆ ಸಿಗಲಿ ಎಂದು ಕಾಯಬೇಡಿ. ದಿನಾ ಕಾಲು ಗಂಟೆ ಸಾಕು. ಕಲಿಕೆಗೂ ಅದೇ ಒಳ್ಳೆಯದು. ಒಂದೇ ಸಲಕ್ಕೆ ತುಂಬುವುದಕ್ಕಿಂತ ಬಿಡುವು ಕೊಟ್ಟು ಕಲಿತದ್ದು ಜಾಸ್ತಿ ಉಳಿಯುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿದ್ದ. ಆಮೇಲೆ ಬಂದ ಎಷ್ಟೋ ಪ್ರಯೋಗಗಳು ಅದನ್ನೇ ಹೇಳಿವೆ. ನಡುವೆ ಬರುವ ನಿದ್ದೆಯೂ ಕಲಿತದ್ದನ್ನು ಗಟ್ಟಿ ಮಾಡುತ್ತದೆ.

ಸಾಮಾನು ಕೈಗೆ ಸಿಗುವ ಹಾಗೆ ಇಡಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರುವ ಕೊಳಲನ್ನು ಯಾರೂ ಕಾಲು ಗಂಟೆಗೋಸ್ಕರ ಇಳಿಸುವುದಿಲ್ಲ.

ಗುರು ಬೇಕಾ, ವಿಡಿಯೊ ನೋಡಿ ಕಲಿತರೆ ಸಾಕಾ?

ಹವ್ಯಾಸದ ಮೇಲೆ ಹೋಗುತ್ತದೆ. ನೀವು ಮಾಡಿದ್ದು ಸರಿಯೋ ತಪ್ಪೋ ಎಂದು ಆ ವಸ್ತುವೇ ಹೇಳುವಂತಿದ್ದರೆ ವಿಡಿಯೊ, ಪುಸ್ತಕ ಸಾಕು. ಕೋಡ್ ಓಡದಿದ್ದರೆ ಗೊತ್ತಾಗುತ್ತದೆ. ಬೆಸುಗೆ ಸರಿಯಾಗಿ ಕೂರದಿದ್ದರೆ ದೀಪ ಹತ್ತುವುದಿಲ್ಲ. ಚೆಸ್‌ನಲ್ಲಿ ತಪ್ಪು ನಡೆ ಇಟ್ಟರೆ ಎದುರಿನವರು ಬಿಡುವುದಿಲ್ಲ.

ದೇಹವೇ ಸಾಧನ ಆಗಿರುವ ಕಡೆ ಹಾಗಲ್ಲ. ಕೊಳಲನ್ನೇ ತೆಗೆದುಕೊಳ್ಳಿ. ತುಟಿಯಿಂದ ಬರುವ ಗಾಳಿ ತೆಳ್ಳಗಿರಬೇಕು, ರಂಧ್ರದ ಆಚೆ ಅಂಚಿಗೆ ಸರಿಯಾಗಿ ಬಡಿಯಬೇಕು. ಒಂದು ಕೂದಲೆಳೆ ಆಚೀಚೆ ಆದರೂ ಬರೀ ಗಾಳಿಯ ಸದ್ದು. ವಿಡಿಯೊದಲ್ಲಿ ಇರುವವರು ಎಷ್ಟು ಚೆನ್ನಾಗಿ ತೋರಿಸಿದರೂ ನಿಮ್ಮ ತುಟಿ ಅವರಿಗೆ ಕಾಣುವುದಿಲ್ಲ. ಎದುರಿಗೆ ಕೂತವರು "ಸ್ವಲ್ಪ ಒಳಗೆ ತಿರುಗಿಸಿ" ಅಂದ ಕೂಡಲೇ ಸ್ವರ ಬರುತ್ತದೆ. ಹಾಡು, ವಾದ್ಯ, ನೃತ್ಯ, ಈಜು ಇಂಥವಕ್ಕೆ ಶುರುವಿನ ಕೆಲವು ತಿಂಗಳಾದರೂ ಒಬ್ಬರು ಬೇಕು. ತಪ್ಪು ಅಭ್ಯಾಸ ಒಂದು ಸಲ ಕೂತರೆ ಬಿಡಿಸುವುದು ಕಷ್ಟ, ಮೈಕೈ ನೋವೂ ಬರಬಹುದು.

ಗುರು ನಿಮಗಿಂತ ಚಿಕ್ಕವರಾಗಿದ್ದರೆ ಸಂಕೋಚ ಬೇಡ.

ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿದ್ದೀನಿ. ಮುಂದೆ ಹೋಗ್ತಾನೇ ಇಲ್ಲ.

ಇದು ಎಲ್ಲರಿಗೂ ಬರುವ ಘಟ್ಟ. ಹವ್ಯಾಸ ಬಿಟ್ಟುಬಿಡುವವರಲ್ಲಿ ತುಂಬಾ ಜನ ಬಿಡುವುದು ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1897ರಲ್ಲಿ ಬ್ರಯನ್ ಮತ್ತು ಹಾರ್ಟರ್ ಎಂಬ ಇಬ್ಬರು ಅಮೆರಿಕನ್ನರು ಟೆಲಿಗ್ರಾಫ್ ಕಲಿಯುವವರನ್ನು ಗಮನಿಸಿ ಬರೆದರು. ಕಟ್ ಕಡ ಸದ್ದು ಕೇಳಿ ಸಂದೇಶ ಬರೆದುಕೊಳ್ಳುವ ಕೆಲಸ ಅದು. ಶುರುವಿನಲ್ಲಿ ವೇಗ ಸರಸರ ಏರುತ್ತದೆ. ಆಮೇಲೆ ವಾರಗಟ್ಟಲೆ ಒಂದೇ ಕಡೆ ನಿಲ್ಲುತ್ತದೆ. ಅಭ್ಯಾಸ ಮುಂದುವರಿಸಿದವರಿಗೆ ಒಂದು ದಿನ ಮತ್ತೆ ಏರಲು ಶುರುವಾಗುತ್ತದೆ. ಅವರು ಕೊಟ್ಟ ವಿವರಣೆ ಹೀಗಿತ್ತು. ಮೊದಲು ಅಕ್ಷರ ಅಕ್ಷರ ಕೇಳುತ್ತಿದ್ದವರು ನಿಧಾನಕ್ಕೆ ಇಡೀ ಪದವನ್ನೇ ಒಂದು ಸದ್ದಾಗಿ ಕೇಳಲು ಕಲಿಯುತ್ತಾರೆ, ಆಮೇಲೆ ಸಾಲನ್ನು. ಹೊರಗೆ ಏನೂ ಕಾಣದ ಆ ವಾರಗಳಲ್ಲಿ ಒಳಗೆ ಅಕ್ಷರಗಳು ಪದವಾಗಿ ಕೂಡಿಕೊಳ್ಳುತ್ತಿರುತ್ತವೆ. ಸಂಗೀತದಲ್ಲೂ ಹಾಗೆ, ಹೊಸ ಭಾಷೆಯಲ್ಲೂ ಹಾಗೆ.

ಆದರೆ ಎಲ್ಲ ನಿಲುಗಡೆಯೂ ಈ ಥರದ್ದಲ್ಲ. ಕೆಲವು ಸಲ ನಾವು ಬರುವುದನ್ನೇ ಮಾಡುತ್ತಾ ಇರುತ್ತೇವೆ. ಗೊತ್ತಿರುವ ನಾಲ್ಕು ಹಾಡನ್ನೇ ದಿನಾ ನುಡಿಸುತ್ತೇವೆ. ಸುಲಭದ ಭಾಗವನ್ನು ಚೆನ್ನಾಗಿ ನುಡಿಸಿ, ಕಷ್ಟದ ಎರಡು ಸಾಲು ಬಂದಾಗ ಹೇಗೋ ದಾಟಿಬಿಡುತ್ತೇವೆ. ಆಂಡರ್ಸ್ ಎರಿಕ್ಸನ್ 1993ರಲ್ಲಿ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದಾಗ ಒತ್ತು ಕೊಟ್ಟಿದ್ದು ಈ ವಿಷಯಕ್ಕೇ. ಸುಮ್ನೆ ನುಡಿಸುವುದು ಬೇರೆ, ತನ್ನ ತಪ್ಪನ್ನು ಹಿಡಿದು ಅದರ ಮೇಲೇ ಕೂರುವುದು ಬೇರೆ. ಆ ಎರಡು ಸಾಲನ್ನು ಮಾತ್ರ ತೆಗೆದುಕೊಳ್ಳಿ. ಅರ್ಧ ವೇಗಕ್ಕೆ ಇಳಿಸಿ. ಯಾವ ಬೆರಳು ತಡವಾಗಿ ಬರುತ್ತಿದೆ ನೋಡಿ. ಕಾಲು ಗಂಟೆಯಲ್ಲಿ ಹತ್ತು ನಿಮಿಷ ಇದು, ಉಳಿದ ಐದು ನಿಮಿಷ ಖುಷಿಗೆ ಏನು ಬೇಕಾದರೂ ನುಡಿಸಿ.

ಶುರು ಮಾಡ್ತೀನಿ, ಅರ್ಧಕ್ಕೇ ಬಿಡ್ತೀನಿ. ನನ್ನ ಹಣೆಬರಹ ಇಷ್ಟೇನಾ?

ಖಂಡಿತ ಅಲ್ಲ. ನಾಲ್ಕು ಹವ್ಯಾಸ ಮುಟ್ಟಿ ನೋಡಿ ಬಿಟ್ಟರೆ ಅದು ಸೋಲಲ್ಲ. ನಿಮಗೆ ಯಾವುದು ಒಗ್ಗುತ್ತದೆ ಅಂತ ಮುಟ್ಟದೆ ಗೊತ್ತಾಗುವುದು ಹೇಗೆ? ಆದರೆ ಶುರುವಿನ ಮುಜುಗರಕ್ಕೆ ಹೆದರಿ ಪ್ರತಿ ಸಲ ಎರಡನೇ ವಾರಕ್ಕೇ ಬಿಡುತ್ತಿದ್ದರೆ, ಮುಂದಿನದನ್ನು ಮೂರು ತಿಂಗಳು ಹಿಡಿದು ನೋಡಿ. ದುಬಾರಿ ಸಾಮಾನು ಮೊದಲೇ ಕೊಳ್ಳಬೇಡಿ. ಎರವಲು ತನ್ನಿ, ಹಳೆಯದು ತನ್ನಿ.

ಚೆನ್ನಾಗಿ ಮಾಡ್ತೀಯಾ, ಮಾರಬಹುದಲ್ಲ ಅಂತಾರೆ ಎಲ್ಲರೂ.

ಮಾರಬಹುದು. ಯೋಚಿಸಿ ಮಾರಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳ ಒಂದು ಗುಂಪಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿ ಬಿಡಿಸಿದರು, ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸಲು ಕೂರುವುದು ಉಳಿದ ಮಕ್ಕಳಿಗಿಂತ ಕಡಿಮೆಯಾಗಿತ್ತು. ಗ್ರಾಹಕರು ಒಂದೇ ಥರದ್ದನ್ನು ಐವತ್ತು ಕೇಳುತ್ತಾರೆ. ಕೈ ತಡವರಿಸುವ ಹೊಸ ಪ್ರಯೋಗಕ್ಕೆ ಆಗ ಜಾಗವೇ ಇರುವುದಿಲ್ಲ. ದುಡ್ಡು ಬೇಕಿದ್ದರೆ ಮಾಡಿ, ಆದರೆ ಒಂದು ಮೂಲೆಯನ್ನು ನಿಮಗೋಸ್ಕರ ಉಳಿಸಿಕೊಳ್ಳಿ.

ಹವ್ಯಾಸಿಗಳು ನಿಜಕ್ಕೂ ದೊಡ್ಡದೇನಾದರೂ ಮಾಡಿದ್ದುಂಟಾ?

ತುಂಬಾ ಉಂಟು. ಈ ಪ್ರಶ್ನೆಗೆ ಉತ್ತರ ಬರೆಯುವುದೆಂದರೆ ನನಗೆ ತುಂಬಾ ಇಷ್ಟ.

ವಿಲಿಯಂ ಹರ್ಷಲ್ ಸಂಗೀತಗಾರ. ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಆರ್ಗನ್ ನುಡಿಸುತ್ತಿದ್ದ, ಪಾಠ ಹೇಳುತ್ತಿದ್ದ. 30 ದಾಟಿದ ಮೇಲೆ ಪುಸ್ತಕ ಓದಿ ಆಕಾಶದ ಹುಚ್ಚು ಹತ್ತಿತು. ಒಳ್ಳೆಯ ದೂರದರ್ಶಕ ಕೊಳ್ಳಲು ಆಗಲಿಲ್ಲ, ಕನ್ನಡಿಯನ್ನು ತಾನೇ ಎರಕ ಹೊಯ್ದು ಉಜ್ಜಿದ. ಉಜ್ಜುವುದನ್ನು ನಡುವೆ ನಿಲ್ಲಿಸುವ ಹಾಗಿಲ್ಲದ್ದರಿಂದ ತಂಗಿ ಕ್ಯಾರೊಲಿನ್ ಅವನ ಬಾಯಿಗೆ ತುತ್ತು ಇಡುತ್ತಿದ್ದಳು. 1781ರ ಮಾರ್ಚ್ 13ರ ರಾತ್ರಿ ಮನೆಯ ತೋಟದಲ್ಲಿ ನೋಡುತ್ತಿದ್ದಾಗ ಒಂದು ಚುಕ್ಕಿ ಬೇರೆಯವುಗಳ ಹಾಗಿಲ್ಲ ಅನ್ನಿಸಿತು. ಧೂಮಕೇತು ಇರಬೇಕು ಅಂದುಕೊಂಡ. ಅದು ಯುರೇನಸ್ ಗ್ರಹ. ಹಾಡುಗಾರ್ತಿ ಆಗಬೇಕೆಂದು ಕಲಿಯುತ್ತಿದ್ದ ಕ್ಯಾರೊಲಿನ್ ಅಣ್ಣನಿಗೆ ಸಹಾಯ ಮಾಡುತ್ತಾ ಮಾಡುತ್ತಾ ತಾನೇ ಖಗೋಳ ವಿಜ್ಞಾನಿ ಆದಳು. ಮುಂದೆ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು.

ಮೈಕೆಲ್ ವೆಂಟ್ರಿಸ್ ಕಟ್ಟಡಗಳ ನಕ್ಷೆ ಬಿಡಿಸುವ ವಾಸ್ತುಶಿಲ್ಪಿ. ಯಾರೂ ಓದಲಾಗದ ಲೀನಿಯರ್ ಬಿ ಎಂಬ ಪುರಾತನ ಲಿಪಿಯ ಬಗ್ಗೆ ಹುಡುಗನಾಗಿದ್ದಾಗ ಕೇಳಿದ್ದು ತಲೆಯಿಂದ ಹೋಗಲೇ ಇಲ್ಲ. ಬಿಡುವಿನಲ್ಲಿ ಅದರ ಮೇಲೇ ಕೂತು 1952ರಲ್ಲಿ ಬಿಡಿಸಿದ. ಅದು ಹಳೆಯ ಗ್ರೀಕ್ ಎಂದು ತಿಳಿದಾಗ ಪಂಡಿತರೇ ಬೆರಗಾದರು. ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬರದಿದ್ದರೂ ತಾನೇ ತಯಾರಿಸಿದ ಪುಟ್ಟ ಮಸೂರದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡ.

ನನಗೆ ಇವರೆಲ್ಲರಿಗಿಂತ ಹತ್ತಿರ ಅನ್ನಿಸುವವಳು ಮೇರಿ ಡೆಲಾನಿ. 1700ರಲ್ಲಿ ಹುಟ್ಟಿದ ಇಂಗ್ಲೆಂಡಿನ ಹೆಂಗಸು. ಬಣ್ಣದ ಕಾಗದವನ್ನು ಸಣ್ಣ ಸಣ್ಣ ಚೂರಾಗಿ ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿ ಹೂವಿನ ಚಿತ್ರ ಮಾಡಲು ಶುರು ಮಾಡಿದ್ದು 70 ದಾಟಿ, ವಿಧವೆಯಾದ ಮೇಲೆ. ಎಸಳು, ಕೇಸರ, ಎಲೆಯ ನರ ಎಲ್ಲ ಕಾಗದವೇ. ಸಸ್ಯಶಾಸ್ತ್ರದವರೂ ಮೆಚ್ಚುವಷ್ಟು ನಿಖರ. ಕಣ್ಣು ಕೈಕೊಡುವ ತನಕ ಹತ್ತು ವರ್ಷದಲ್ಲಿ ಸಾವಿರಕ್ಕೆ ಸ್ವಲ್ಪ ಕಡಿಮೆ ಚಿತ್ರ ಮಾಡಿದಳು. ಬ್ರಿಟಿಷ್ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ.

ನೀವು ಗ್ರಹ ಕಂಡುಹಿಡಿಯಬೇಕು ಅಂತ ಇದನ್ನೆಲ್ಲ ಹೇಳಲಿಲ್ಲ. ಇವರು ಯಾರೂ ದೊಡ್ಡದನ್ನು ಮಾಡೋಣ ಅಂತ ಕೂತವರಲ್ಲ. ಮುಂದಿನ ಒಂದು ಚೂರು ಸರಿಯಾಗಬೇಕು ಅಂತ ಕೂತವರು.

ಕಣ್ಣು ಮಂಜು, ಕೈ ನಡುಗುತ್ತೆ. ನನಗೇನು ಆಗುತ್ತೆ?

ದೊಡ್ಡ ಕಣ್ಣಿನ ಸೂಜಿ, ದಪ್ಪ ದಾರ, ಬೆಳಕಿರುವ ಭೂತಗನ್ನಡಿ ಇವೆ. ಅದೂ ಆಗದಿದ್ದರೆ ಕಿವಿಯ ಹವ್ಯಾಸಗಳಿವೆ. ಹಕ್ಕಿಯ ಕೂಗನ್ನು ಗುರುತಿಸುವುದು, ರಾಗ ಗುರುತಿಸುವುದು, ಭಾಷೆ ಕಲಿಯುವುದು, ಕಥೆ ಹೇಳುವುದು. ಬಾಯಿಪಾಠವೂ ಒಂದು ಹವ್ಯಾಸವೇ.

ಒಬ್ಬರೇ ಮಾಡೋದು ಒಳ್ಳೆಯದಾ, ಗುಂಪಿನಲ್ಲಾ?

ಕಲಿಯುವ ಹೊತ್ತಿನಲ್ಲಿ ಒಂಟಿತನ ಬೇಕು, ಬಿಡದೆ ಮುಂದುವರಿಸಲು ಜೊತೆ ಬೇಕು. ತಿಂಗಳಿಗೊಮ್ಮೆ ಇಬ್ಬರು ಮೂವರು ಸೇರಿದರೂ ಸಾಕು. ಅಲ್ಲಿ ವಯಸ್ಸು, ಹುದ್ದೆ ಎಲ್ಲ ಹಿಂದೆ ಸರಿಯುತ್ತದೆ. ಚೆಸ್ ಬೋರ್ಡಿನ ಮುಂದೆ ಹದಿನಾರರ ಹುಡುಗಿ ಎಪ್ಪತ್ತರ ಅಜ್ಜನಿಗೆ ಪಾಠ ಹೇಳಬಹುದು. ದೊಡ್ಡವರಿಗೆ ಇಂಥ ಸ್ನೇಹ ಬೇರೆಲ್ಲಿ ಸಿಗುತ್ತದೆ ಹೇಳಿ.

ನಿವೃತ್ತಿ ಆದ ಮೇಲೆ ಶುರು ಮಾಡಿದರಾಯ್ತು ಅಂದ್ಕೊಂಡಿದ್ದೀನಿ.

ಈಗಲೇ ಸ್ವಲ್ಪ ಶುರು ಮಾಡಿ. ನಿವೃತ್ತಿಯ ಮೊದಲ ದಿನಗಳಲ್ಲಿ ಎಷ್ಟೋ ಜನರಿಗೆ ತಾನು ಯಾರು ಅನ್ನುವುದೇ ಗೊಂದಲ ಆಗುತ್ತದೆ. ಆಗ ಖಾಲಿ ಹಾಳೆಯಿಂದ ಶುರು ಮಾಡುವುದಕ್ಕಿಂತ, ಅರ್ಧ ಕಲಿತ ತಬಲಾ ಮನೆಯಲ್ಲಿದ್ದರೆ ಎಷ್ಟೋ ವಾಸಿ. ಈಗಾಗಲೇ ನಿವೃತ್ತಿ ಆಗಿದ್ದರೆ ತಡವಾಯಿತು ಅಂದುಕೊಳ್ಳಬೇಡಿ. ಡೆಲಾನಿ ಕತ್ತರಿ ಹಿಡಿದ ವಯಸ್ಸು ಮೇಲೆ ಹೇಳಿದ್ದೇನೆ.

ಸರಿ, ನಾಳೆ ಬೆಳಿಗ್ಗೆ ನಾನು ಏನು ಮಾಡಲಿ?

ಚಿಕ್ಕಂದಿನಲ್ಲಿ ಇಷ್ಟವಿದ್ದು ಬಿಟ್ಟುಹೋದದ್ದು ಏನಾದರೂ ಇದೆಯಾ ನೆನಪಿಸಿಕೊಳ್ಳಿ. ಇಲ್ಲದಿದ್ದರೆ, ಬೇರೆಯವರು ಮಾಡುವುದನ್ನು ನೀವು ಸುಮಾರು ಹೊತ್ತು ನಿಂತು ನೋಡಿದ್ದು ಯಾವುದು ಅಂತ ಯೋಚಿಸಿ. ಅದರಲ್ಲಿ ತೀರಾ ಚಿಕ್ಕ ಒಂದು ಕೆಲಸ ಆರಿಸಿ. ಚಿತ್ರಕಲೆ ಕಲಿಯುತ್ತೇನೆ ಅಂತ ಬೇಡ, ಮೇಲಿನ ಕಪ್ಪನ್ನು ಬಿಡಿಸುತ್ತೇನೆ ಅಂತ ಇರಲಿ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ. ಆ ಹಾಳೆ ಹರಿಯಬೇಡಿ. ತಿಂಗಳು ಬಿಟ್ಟು ಅದೇ ಕಪ್ಪನ್ನು ಮತ್ತೆ ಬಿಡಿಸಿದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಬೇಕಾಗುತ್ತದೆ.